ಮಾಸ್ಟರ್ಸ್ ಮುಗಿದ ಮೇಲೆ: ಬ್ರಿಟನ್ನಾ, ಜರ್ಮನಿಯಾ?

ಓದು ಮುಗಿಸಿ ಅಲ್ಲೇ ಕೆಲಸ ಹುಡುಕಲು ಯಾವ ದೇಶ ವಾಸಿ ಅಂತ ಕೇಳಿದ್ದೀರಿ. ಮೊದಲು ಖರ್ಚು ನೋಡಿ. ಓದು ಮುಗಿದವರು ಅಲ್ಲೇ ಉಳಿದು ಕೆಲಸ ಮಾಡಲು ಬ್ರಿಟನ್ ಕೊಡುವ ಗ್ರಾಜುಯೇಟ್ ವೀಸಾಗೆ ಅರ್ಜಿ ಶುಲ್ಕ ಬೇರೆ, ವರ್ಷಕ್ಕೆ 1,035 ಪೌಂಡಿನಂತೆ ಪೂರ್ತಿ ಅವಧಿಯ ಆರೋಗ್ಯ ಶುಲ್ಕ ಬೇರೆ. ಎಲ್ಲವನ್ನೂ ಒಟ್ಟಿಗೇ ಕಟ್ಟಬೇಕು. ಓದಿನ ಸಾಲ ತಲೆ ಮೇಲಿರುವಾಗ ಇದು ಸಣ್ಣ ಮಾತಲ್ಲ, ಅಲ್ವಾ? ಜರ್ಮನಿಯಲ್ಲಿ ಓದಿದ ಮೇಲೆ ಕೆಲಸ ಹುಡುಕಲು ಕೊಡುವ ವಾಸದ ಪರವಾನಗಿಯ ಅರ್ಜಿಗೆ ಸುಮಾರು 100 ಯೂರೋ. ವಿಮೆ ತಿಂಗಳು ತಿಂಗಳು ಕಟ್ಟಿದರಾಯಿತು.

ಹೀಗೆ ಉಳಿಯಬಹುದಾದ ಅವಧಿ ಜರ್ಮನಿಯಲ್ಲಿ 18 ತಿಂಗಳು. ಬ್ರಿಟನ್ನಿನ 2 ವರ್ಷವೂ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅಷ್ಟೇ ಆಗುತ್ತದೆ.

ನಿಜವಾದ ವ್ಯತ್ಯಾಸ ಭಾಷೆಯದು. ಇಂಗ್ಲಿಷ್ ಒಂದೇ ಗೊತ್ತಿದ್ದು, ಬೇಗ ಅನುಭವ ಬೇಕಿದ್ದರೆ ಬ್ರಿಟನ್. ಆದರೆ ಆ ವೀಸಾ ಮುಂದುವರಿಸಲು ಬರುವುದಿಲ್ಲ, ಸ್ಪಾನ್ಸರ್ ಮಾಡುವ ಕಂಪನಿ ಸಿಗಲೇಬೇಕು. ಅಲ್ಲೇ ನೆಲೆಸುವ ಆಸೆಯಿದ್ದರೆ ಜರ್ಮನಿ: ಬ್ಲೂ ಕಾರ್ಡ್ (ಪದವೀಧರ ವಿದೇಶಿ ನೌಕರರಿಗೆ ಕೊಡುವ ಪರವಾನಗಿ) ಮೇಲಿನ ಕೆಲಸ, ಬಿ1 ಮಟ್ಟದ (ದಿನನಿತ್ಯದ ಮಾತುಕತೆಗೆ ಸಾಕಾಗುವಷ್ಟು) ಜರ್ಮನ್ ಎರಡೂ ಇದ್ದರೆ 21 ತಿಂಗಳಿಗೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು.