ನಾಲ್ಕು ವರ್ಷ ಜೇಬಲ್ಲಿಟ್ಟುಕೊಂಡು ಕೇಳಿದ ಮ್ಯೂಸಿಕ್ ಪ್ಲೇಯರ್

ಈ ಪ್ಲೇಯರ್ ನನ್ನ ಕೈಗೆ ಬಂದು ನಾಲ್ಕು ವರ್ಷ ದಾಟಿತು. ದಿನಕ್ಕೆ ಎರಡು ಗಂಟೆಯಾದರೂ ಕೇಳುತ್ತೇನೆ. ಬಲಗಡೆ ಅಂಚಿನಲ್ಲಿ ಕಪ್ಪು ಬಣ್ಣ ಸವೆದು ಒಳಗಿನ ಅಲ್ಯೂಮಿನಿಯಂ ಹೊಳೆಯುತ್ತಿದೆ. ಹೆಬ್ಬೆರಳು ಕೂರುವ ಜಾಗ ಅದು. ಹೊಸದರಲ್ಲಿ ಬರೆದಿದ್ದರೆ ಬರೀ ಹೊಗಳುತ್ತಿದ್ದೆ. ಮಾದರಿಗಳು ಬೇಗ ಬದಲಾಗುವುದರಿಂದ ಇದರ ಹೆಸರು ಹೇಳಿ ನಿಮಗೆ ಉಪಯೋಗವಿಲ್ಲ. ಏನು ನೋಡಿ ಕೊಳ್ಳಬೇಕು ಅನ್ನೋದನ್ನೇ ಬರೆಯುತ್ತೇನೆ.

ಫೋನ್ ಇರುವಾಗ ಇದ್ಯಾಕೆ ಅಂತ ತುಂಬಾ ಜನ ಕೇಳಿದ್ದಾರೆ. 2016ರಲ್ಲಿ ಐಫೋನ್ 7ರಿಂದ ಹೆಡ್‌ಫೋನ್ ಜಾಕ್ ಹೋಯಿತು, ಆಮೇಲೆ ಒಂದೊಂದಾಗಿ ಬೇರೆ ಎಷ್ಟೋ ಫೋನ್‌ಗಳಿಂದಲೂ ಹೋಯಿತು. ಉಳಿದದ್ದು ಬ್ಲೂಟೂತ್. ಸಿಡಿಯಲ್ಲಿರುವ ಹಾಡಿನಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಮಾಹಿತಿ ಇರುತ್ತದೆ. ಬ್ಲೂಟೂತ್‌ನ ಮಾಮೂಲಿ ಎಸ್‌ಬಿಸಿ ಕೋಡೆಕ್ (ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ) ಸಾಗಿಸುವುದು ಹೆಚ್ಚೆಂದರೆ 328ರ ಆಸುಪಾಸು. ಎಲ್‌ಡಿಎಸಿ ಅನ್ನುವ ಕೋಡೆಕ್ ಇದ್ದರೆ 990ರವರೆಗೆ ಹೋಗುತ್ತದೆ, ಅದೂ ಸಿಗ್ನಲ್ ಚೆನ್ನಾಗಿದ್ದರೆ. ಓಡಾಡುವಾಗ ನನಗೂ ಬ್ಲೂಟೂತ್ ಸಾಕು. ಕಣ್ಣು ಮುಚ್ಚಿ ಕೂತು ಕೇಳುವಾಗ ಸಾಲಲಿಲ್ಲ.

ಇದು ನನ್ನ ಎರಡನೇ ಪ್ಲೇಯರ್. ಮೊದಲನೆಯದನ್ನು ಬಾಕ್ಸ್ ಮೇಲಿನ ಅಂಕಿ ನೋಡಿ ತಗೊಂಡಿದ್ದೆ. 32 ಬಿಟ್, 384 ಕಿಲೋಹರ್ಟ್ಸ್ ಅಂತ ದಪ್ಪ ಅಕ್ಷರದಲ್ಲಿತ್ತು. ಮನುಷ್ಯರ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ, ವಯಸ್ಸಾದ ಹಾಗೆ ಅದೂ ಇಳಿಯುತ್ತದೆ. ಅಷ್ಟನ್ನು ಹಿಡಿದಿಡಲು ಸಿಡಿಯ 44.1 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆಯುವುದು, ಸಾಕು. ಸಿಡಿಯ 16 ಬಿಟ್‌ನಲ್ಲಿ ಅತಿ ಮೆಲ್ಲನೆ ಸದ್ದಿಗೂ ಅತಿ ಜೋರು ಸದ್ದಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ. ಇದೆಲ್ಲ ಆಗ ಗೊತ್ತಿರಲಿಲ್ಲ.

ತೊಂದರೆ ಗೊತ್ತಾಗಿದ್ದು ತಂಬೂರಿಯಿಂದ. ಒಂದು ರೆಕಾರ್ಡಿಂಗ್ ಶುರುವಿನಲ್ಲಿ ಬರೀ ತಂಬೂರಿ ಮೀಟುತ್ತಾರೆ. ತಂತಿಯ ನಾದ ಎದ್ದು, ಹರಡಿ, ನಿಧಾನವಾಗಿ ಕರಗುತ್ತದೆ. ಆ ಕರಗುವ ಕೊನೆ ಇದೆಯಲ್ಲ, ಅದು ನನ್ನ ಮೊದಲ ಪ್ಲೇಯರ್‌ನಲ್ಲಿ ಕೇಳುತ್ತಲೇ ಇರಲಿಲ್ಲ. ಹಿಂದೆ ಸುಯ್ ಅಂತ ಒಂದು ಸದ್ದು ಸದಾ ಇತ್ತು, ನಾದ ಅದರೊಳಗೆ ಮುಳುಗಿಹೋಗುತ್ತಿತ್ತು. ನನ್ನ ಇಯರ್‌ಫೋನ್ ತುಂಬಾ ಸೂಕ್ಷ್ಮ, ಸ್ವಲ್ಪ ಕರೆಂಟ್ ಕೊಟ್ಟರೂ ಜೋರಾಗಿ ಹಾಡುತ್ತದೆ. ಹಾಗಾಗಿ ಪ್ಲೇಯರ್ ಒಳಗಿನ ಆಂಪ್ಲಿಫೈಯರ್‌ನ ಸದ್ದೂ ಕಿವಿಗೆ ಬರುತ್ತಿತ್ತು. ಎಂಟು ತಿಂಗಳು ಸಹಿಸಿಕೊಂಡು ಅದನ್ನು ಬೇರೆಯವರಿಗೆ ಕೊಟ್ಟೆ.

ಎರಡನೇ ಸಲ ಅಂಕಿ ನೋಡಿದ್ದು ಒಂದೇ ಕಡೆ: ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಪ್ಲೇಯರ್ ತನ್ನೊಳಗಿಂದಲೇ ಕರೆಂಟಿಗೆ ಒಡ್ಡುವ ತಡೆ. ಇದನ್ನು ಓಮ್‌ನಲ್ಲಿ ಅಳೆಯುತ್ತಾರೆ. ಇಯರ್‌ಫೋನಿನ ಓಮ್ ಎಷ್ಟಿದೆಯೋ ಅದರ ಎಂಟನೇ ಒಂದು ಭಾಗಕ್ಕಿಂತ ಪ್ಲೇಯರಿನದು ಕಡಿಮೆ ಇರಲಿ ಅನ್ನುವುದು ರೂಢಿಯ ಲೆಕ್ಕ. ನನ್ನದು 16 ಓಮ್, ಅಂದರೆ ಪ್ಲೇಯರ್ 2 ಓಮ್ ಒಳಗಿರಬೇಕು. ಒಂದೇ ಇಯರ್‌ಫೋನಿನಲ್ಲಿ ಎರಡು ಮೂರು ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಇದ್ದರಂತೂ ಇದು ಮುಖ್ಯ. ಅವುಗಳ ಓಮ್ ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ, ಪ್ಲೇಯರಿನ ಇಂಪಿಡೆನ್ಸ್ ಜಾಸ್ತಿ ಇದ್ದರೆ ಬೇಸ್ ಊದಿಕೊಳ್ಳಬಹುದು, ಇಲ್ಲವೇ ಸೊರಗಬಹುದು. ಇಯರ್‌ಫೋನ್ ಸರಿಯಿಲ್ಲ ಅಂತ ನಾವು ಬೈಯುತ್ತಾ ಕೂರುತ್ತೇವೆ.

ಕೊಳ್ಳುವ ಮುಂಚೆ ನಿಮ್ಮದೇ ಇಯರ್‌ಫೋನ್, ನಿಮ್ಮದೇ ಮೆಮೊರಿ ಕಾರ್ಡ್ ಹಾಕಿ ಕೇಳಿ. ಹಾಡಿನ ನಡುವೆ ತೀರಾ ಮೆಲ್ಲಗಾಗುವ ಜಾಗ ಹುಡುಕಿಟ್ಟುಕೊಳ್ಳಿ. ಅಲ್ಲಿ ಸುಯ್ ಅಂದರೆ ಬೇಡವೇ ಬೇಡ. ಎರಡು ಪ್ಲೇಯರ್ ಹೋಲಿಸುವಾಗ ಸದ್ದಿನ ಮಟ್ಟ ಸಮ ಮಾಡಲೇಬೇಕು. ಚೂರು ಜೋರಾಗಿರುವುದೇ ನಮಗೆ ಚೆನ್ನಾಗಿ ಕೇಳಿಸುತ್ತದೆ. ನಾನು ಒಂದು ಸಲ ಈ ಮೋಸಕ್ಕೆ ಸಿಕ್ಕಿದ್ದೆ. ಗೆಳೆಯನೊಬ್ಬ ಎರಡರ ಸದ್ದನ್ನೂ ಸಮ ಮಾಡಿ, ನನ್ನ ಕಣ್ಣಿಗೆ ಕಾಣದ ಹಾಗೆ ಬದಲಾಯಿಸಿ ಕೇಳಿಸಿದ. ಅಷ್ಟು ಹೊತ್ತು ಹೊಗಳಿದ್ದ ವ್ಯತ್ಯಾಸ ಎಲ್ಲೂ ಸಿಗಲಿಲ್ಲ.

ಫೈಲ್ ವಿಷಯ. 128 ಕಿಲೋಬಿಟ್‌ನ ಎಂಪಿ3ಯನ್ನು ಯಾವ ಪ್ಲೇಯರೂ ಚೆಂದ ಮಾಡಲಾರದು. ಆ ಫೈಲ್ ಮಾಡುವಾಗ ಕಿತ್ತು ಹಾಕಿದ್ದು ಮತ್ತೆ ಬರುವುದಿಲ್ಲ. ನಾನು ಸಿಡಿಗಳನ್ನೆಲ್ಲ ಮತ್ತೆ ಫ್ಲಾಕ್ ಅನ್ನುವ ಫೈಲ್ ರೂಪಕ್ಕೆ ಇಳಿಸಿದೆ. ಅದರಲ್ಲಿ ಏನೂ ಕಳೆಯುವುದಿಲ್ಲ, ಜಾಗ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಂತ 320ರ ಎಂಪಿ3ಗೂ ಫ್ಲಾಕ್‌ಗೂ ವ್ಯತ್ಯಾಸ ನನಗೆ ಬಹುತೇಕ ಹಾಡುಗಳಲ್ಲಿ ಗೊತ್ತಾಗಲ್ಲ. ನಿಜ ಹೇಳಬೇಕಲ್ವಾ?

ಒಂದು ಹಾಡಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ತಡೆ ಬರಬಾರದು. ಕಛೇರಿ ರೆಕಾರ್ಡಿಂಗ್‌ನಲ್ಲಿ ಆಲಾಪನೆ ಒಂದು ಫೈಲ್, ಕೃತಿ ಇನ್ನೊಂದು ಫೈಲ್ ಇರುತ್ತದೆ. ನಡುವೆ ಅರ್ಧ ಸೆಕೆಂಡ್ ಕತ್ತರಿಸಿದರೂ ಎದೆ ಧಸಕ್ಕೆನ್ನುತ್ತದೆ. ಇದರಲ್ಲಿ ಆ ತೊಂದರೆ ಇಲ್ಲ. ಪಕ್ಕದಲ್ಲಿ ಗುಂಡಿಗಳಿವೆ, ಜೇಬಿನಿಂದ ತೆಗೆಯದೆ ಹಾಡು ಬದಲಿಸಬಹುದು. ಬರೀ ಟಚ್ ಇರುವುದನ್ನು ಇನ್ನು ನಾನು ಕೊಳ್ಳಲ್ಲ. 4.4 ಮಿಲಿಮೀಟರ್ ಬ್ಯಾಲೆನ್ಸ್ಡ್ ಜಾಕ್ (ಎಡ, ಬಲ ಕಿವಿಗೆ ಪೂರ್ತಿ ಬೇರೆ ಬೇರೆ ತಂತಿ ಇರುವಂಥದ್ದು) ಕೂಡ ಇದೆ, ಶಕ್ತಿ ಜಾಸ್ತಿ ಬೇಡುವ ದೊಡ್ಡ ಹೆಡ್‌ಫೋನ್‌ಗೆ ಒಳ್ಳೆಯದು. ನನಗೆ ಬೇಕಾಗಲೇ ಇಲ್ಲ.

ಬೇಸರಗಳೂ ಇವೆ. ಹೊಸ ಹಾಡು ಹಾಕಿದಾಗಲೆಲ್ಲ 256 ಜಿಬಿ ಕಾರ್ಡನ್ನು ಮೊದಲಿಂದ ಓದುತ್ತಾ ಕೂರುತ್ತದೆ. ಕನ್ನಡ ಹೆಸರುಗಳಲ್ಲಿ ಒತ್ತಕ್ಷರ ಮುರಿಯುತ್ತದೆ. ಪ್ರೀತಿ ಅಂತ ಬರೆದಿದ್ದರೆ ಪಕಾರದ ಕೆಳಗೆ ಕೂರಬೇಕಾದ ರಕಾರ ಪಕ್ಕಕ್ಕೆ ಬಂದು 'ಪ್‌ರೀತಿ' ಅಂತ ಕಾಣುತ್ತದೆ. ಕಂಪನಿಗೆ ಎರಡು ಸಲ ಬರೆದೆ, ಉತ್ತರವೇ ಬರಲಿಲ್ಲ. ಸುಮ್ನೆ ಬಿಡುವ ವಿಷಯ ಅಲ್ಲ ಇದು. ನನ್ನ ಹಾಡುಗಳ ಹೆಸರನ್ನು ನನ್ನ ಲಿಪಿಯಲ್ಲಿ ಸರಿಯಾಗಿ ನೋಡಬೇಕು ಅಂತ ಆಸೆ ಇರುತ್ತದೆ.

ಎರಡನೇ ವರ್ಷ ಎಡಗಿವಿಯ ಸದ್ದು ಬಂದು ಹೋಗಿ ಮಾಡತೊಡಗಿತು. ಜಾಕ್ ಸತ್ತೇಹೋಯಿತು ಅಂದುಕೊಂಡೆ. ಟಾರ್ಚ್ ಬಿಟ್ಟು ನೋಡಿದರೆ ತೂತಿನ ತಳದಲ್ಲಿ ಜೇಬಿನ ನೂಲು, ಧೂಳು ಸೇರಿ ಗಟ್ಟಿ ಉಂಡೆಯಾಗಿತ್ತು. ಪ್ಲೇಯರ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಎತ್ತಿ ತೆಗೆದೆ. ಈಗ ಪ್ಲಗ್ ಮೊದಲಿನ ಹಾಗೆ ಟಕ್ ಅಂತ ಕೂರುತ್ತದೆ.

ಬ್ಯಾಟರಿ ಮಾತ್ರ ಹಾಗೆ ಸರಿಯಾಗಲಿಲ್ಲ. ಮೊದಲು 14 ಗಂಟೆ ಬರುತ್ತಿತ್ತು, ಮೂರನೇ ವರ್ಷದ ಕೊನೆಗೆ 7ಕ್ಕೆ ಇಳಿಯಿತು. ಸರ್ವಿಸ್‌ಗೆ ಕೇಳಿದರೆ ಆ ಮಾದರಿಗೆ ಬ್ಯಾಟರಿ ಬರುವುದು ನಿಂತಿದೆ, ಹೊಸದು ತಗೊಳ್ಳಿ ಅಂದರು. ಮೂರು ವರ್ಷಕ್ಕೇ! ಮೊಬೈಲ್ ರಿಪೇರಿ ಬಲ್ಲ ಗೆಳೆಯನೇ ಕೊನೆಗೆ ಅದೇ ಅಳತೆಯದನ್ನು ಹುಡುಕಿ ಹಾಕಿಕೊಟ್ಟ. ಹಿಂಬದಿ ಸ್ಕ್ರೂ ಹಾಕಿ ಮುಚ್ಚಿದ್ದರಿಂದ ಬಚಾವಾಯಿತು, ಪೂರ್ತಿ ಅಂಟು ಹಾಕಿ ಮುಚ್ಚಿದ್ದರೆ ಬಿಚ್ಚುವುದೇ ಕಷ್ಟವಿತ್ತು. ಕೊಳ್ಳುವಾಗ ಹಿಂಬದಿ ತಿರುಗಿಸಿ ಇದನ್ನೂ ನೋಡಿ.

ಬರೀ ಸ್ಟ್ರೀಮಿಂಗ್ ಕೇಳುವವರಾದರೆ ಇಷ್ಟೆಲ್ಲ ಬೇಡ. ಫೋನಿಗೆ ಚುಚ್ಚುವ, ಹೆಡ್‌ಫೋನ್ ಜಾಕ್ ಇರುವ ಸಣ್ಣ ಯುಎಸ್‌ಬಿ ಡಾಂಗಲ್ ಒಳ್ಳೆಯದಿದ್ದರೆ ಕಿವಿಗೆ ಅಷ್ಟೇ ಚೆನ್ನಾಗಿ ಕೇಳುತ್ತದೆ. ನನ್ನವು ಸಿಡಿಯಿಂದ ಇಳಿಸಿಕೊಂಡ ಹಾಡುಗಳು, ಕೇಳುವಾಗ ಫೋನ್ ಪಕ್ಕದ ಕೋಣೆಯಲ್ಲಿ ಇರುತ್ತದೆ. ಹೊಸ ಬ್ಯಾಟರಿ ಹಾಕಿಸಿದ ರಾತ್ರಿ ಮೊದಲು ಹಾಕಿದ್ದು ಆ ತಂಬೂರಿ ರೆಕಾರ್ಡಿಂಗನ್ನೇ. ನಾದದ ಕೊನೆಯ ಎಳೆಯವರೆಗೂ ಕೇಳಿಸಿತು.