ವೈಫೈ ಕಾರ್ಡ್ ಹೋಗಿದೆ ಅಂದ್ರೆ, ದುಡ್ಡು ಕೊಡುವ ಮುಂಚೆ ಇದನ್ನು ನೋಡಿ

ಲ್ಯಾಪ್‌ಟಾಪ್ ಸ್ಲೋ ಆಯ್ತು ಅಂತ ರಿಪೇರಿ ಅಂಗಡಿಗೆ ಕೊಡುವವರು ಇದನ್ನು ಓದಿ. ಸ್ಪೀಡ್ ಮಾಡಿಕೊಡ್ತೀವಿ ಅಂತ ಅಲ್ಲಿ ಓಡಿಸುವ ಕೆಲವು ಬ್ಯಾಚ್ ಫೈಲ್‌ಗಳು (ಕಮಾಂಡ್‌ಗಳನ್ನು ಒಂದರ ಹಿಂದೊಂದು ಓಡಿಸುವ ಫೈಲ್‌ಗಳು) ವಿಂಡೋಸ್‌ನ ಹಿನ್ನೆಲೆ ಸರ್ವೀಸ್‌ಗಳನ್ನು, ಅಂದ್ರೆ ನಮಗೆ ಕಾಣದಂತೆ ಕೆಲಸ ಮಾಡುವ ಪ್ರೋಗ್ರಾಮ್‌ಗಳನ್ನು, ಸಾಲಾಗಿ ಆಫ್ ಮಾಡಿಬಿಡುತ್ತವೆ.

ನನ್ನ ತಂಗಿಯ ವಿಂಡೋಸ್ 10 ಲ್ಯಾಪ್‌ಟಾಪ್‌ಗೆ ಆಗಿದ್ದು ಇದೇ. ವಾಪಸ್ ಬಂದಾಗ ಬೇಗ ಆನ್ ಆಗ್ತಿತ್ತು, ಸುಳ್ಳು ಹೇಳಬಾರದು. ಆದ್ರೆ ವೈಫೈ ಪಟ್ಟಿಯೇ ಮಾಯ. ಮನೆಯ ರೂಟರೂ ಕಾಣಲ್ಲ, ಫೋನಿನ ಹಾಟ್‌ಸ್ಪಾಟೂ ಕಾಣಲ್ಲ. ಅಂಗಡಿಯಲ್ಲಿ ಕೇಳಿದ್ರೆ, "ವೈಫೈ ಕಾರ್ಡ್ ಹೋಗಿದೆ ಮೇಡಂ, ಹೊಸದು ಹಾಕ್ಬೇಕು. ಇಲ್ಲಾಂದ್ರೆ ಫಾರ್ಮ್ಯಾಟ್ ಮಾಡಿ ನೋಡೋಣ" ಅಂದರಂತೆ. ಕೊಡುವಾಗ ಸರಿ ಇದ್ದ ಕಾರ್ಡ್ ನಿಮ್ಮ ಟೇಬಲ್ ಮೇಲೆ ಹೇಗೆ ಹೋಯ್ತು ಅಂದಿದ್ದಕ್ಕೆ ಉತ್ತರ ಇಲ್ಲ.

ಲ್ಯಾಪ್‌ಟಾಪ್‌ನ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆಗೆದೆ. ವೈಫೈ ಅಡಾಪ್ಟರ್, ಅಂದ್ರೆ ಅದೇ ಕಾರ್ಡ್, ಅಲ್ಲೇ ಇದೆ, ತೊಂದರೆ ಇದ್ದರೆ ಬರುವ ಹಳದಿ ಗುರುತೂ ಇಲ್ಲ. ಕಾರ್ಡ್ ಸತ್ತಿದ್ದರೆ ಸಾಮಾನ್ಯವಾಗಿ ಹೀಗೆ ಕಾಣಲ್ಲ. ಆಮೇಲೆ ಸರ್ವೀಸ್‌ಗಳ ಪಟ್ಟಿ ಇರುವ ಸರ್ವೀಸಸ್‌ನಲ್ಲಿ, ವೈಫೈ ಹುಡುಕಿ ಜೋಡಿಸುವ ಡಬ್ಲ್ಯುಲ್ಯಾನ್ ಆಟೋಕಾನ್ಫಿಗ್ ನೋಡಿದೆ. ನಿಂತುಹೋಗಿತ್ತು. ಸ್ಟಾರ್ಟ್ ಒತ್ತಿದ್ರೆ ಎರರ್ 1068. ಅದು ಅವಲಂಬಿಸಿರುವ ಇನ್ಯಾವುದೋ ಸರ್ವೀಸ್ ಎದ್ದಿಲ್ಲ ಅಂತ ಅರ್ಥ. ಡಿಪೆಂಡೆನ್ಸೀಸ್ ಟ್ಯಾಬ್‌ನಲ್ಲಿರುವ ಹೆಸರುಗಳನ್ನು ಒಂದೊಂದಾಗಿ ನೋಡಿದಾಗ ಸಿಕ್ಕಿಬಿತ್ತು: ವಿಂಡೋಸ್ ಕನೆಕ್ಷನ್ ಮ್ಯಾನೇಜರ್, ಸ್ಟಾರ್ಟಪ್ ಟೈಪ್ ಡಿಸೇಬಲ್ಡ್, ಅಂದ್ರೆ ಏಳಲೇ ಆಗದಂತೆ ಆಫ್. ಅದನ್ನು ಆಟೋಮ್ಯಾಟಿಕ್ ಮಾಡಿ ರೀಸ್ಟಾರ್ಟ್ ಕೊಟ್ಟೆ. ವೈಫೈ ಬಂತು. ಖರ್ಚು ಸೊನ್ನೆ.

ಡೌನ್‌ಲೋಡ್ಸ್‌ನಲ್ಲಿ ಅವರ ಬ್ಯಾಚ್ ಫೈಲ್ ಹಾಗೇ ಬಿದ್ದಿತ್ತು. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪ್ರತಿ ಸಾಲಿನ ಕೊನೆಯಲ್ಲೂ ಡಿಸೇಬಲ್ಡ್, ಡಿಸೇಬಲ್ಡ್. ಪ್ರಿಂಟ್ ಕೆಲಸ ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ಕೂಡ ಬಿಟ್ಟಿಲ್ಲ ಪುಣ್ಯಾತ್ಮರು!

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. "ಎಲ್ಲಾ ಸರ್ವೀಸ್ ಡೀಫಾಲ್ಟ್‌ಗೆ ತರುತ್ತೆ, ಡಬಲ್ ಕ್ಲಿಕ್ ಮಾಡು" ಅಂತ ಪರಿಚಯದವರೊಬ್ಬರು ರಿಜಿಸ್ಟ್ರಿ ಫೈಲ್ (ವಿಂಡೋಸ್ ಸೆಟ್ಟಿಂಗ್‌ಗಳೆಲ್ಲ ಇರುವ ರಿಜಿಸ್ಟ್ರಿಯನ್ನು ಬದಲಿಸುವ ಫೈಲ್) ಕಳಿಸಿದರು. ಹೆಸರಲ್ಲೇ ವಿಂಡೋಸ್ 7 ಅಂತಿತ್ತು. ಒಂದೊಂದು ವರ್ಷನ್‌ನಲ್ಲಿ ಸರ್ವೀಸ್‌ಗಳು ಬೇರೆ, ಅವುಗಳ ಅವಲಂಬನೆಯೂ ಬೇರೆ. ಇಂಥ ಫೈಲ್ ಯಾವ ವರ್ಷನ್ ಅಂತ ನೋಡದೇ ಹಳೇ ಮಾಹಿತಿಯನ್ನು ಹೊಸದರ ಮೇಲೆ ಬರೆದುಬಿಡುತ್ತೆ. ಮುಟ್ಟಲೇಬೇಡಿ.

ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ರೀಸೆಟ್ ಒತ್ತಿ ಅನ್ನೋರೂ ಜಾಸ್ತಿ. ಅದು ಅಡಾಪ್ಟರ್‌ಗಳನ್ನು ತೆಗೆದು ಮತ್ತೆ ಹಾಕುತ್ತೆ, ನೆಟ್‌ವರ್ಕ್ ಸೆಟ್ಟಿಂಗ್‌ಗಳನ್ನು ಮೊದಲಿನಂತೆ ಮಾಡುತ್ತೆ, ಅಷ್ಟೇ. ಡಿಸೇಬಲ್ ಆದ ಸರ್ವೀಸ್ ಹಾಗೇ ಇರುತ್ತೆ, ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು ಹೋಗ್ತವೆ.

ಡಬ್ಲ್ಯುಲ್ಯಾನ್ ಆಟೋಕಾನ್ಫಿಗ್, ಡಿಎಚ್‌ಸಿಪಿ ಕ್ಲೈಂಟ್ (ರೂಟರಿನಿಂದ ನೆಟ್‌ವರ್ಕ್ ವಿಳಾಸ ಪಡೆಯುವುದು), ಡಿಎನ್‌ಎಸ್ ಕ್ಲೈಂಟ್ (ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕುವುದು), ವಿಂಡೋಸ್ ಕನೆಕ್ಷನ್ ಮ್ಯಾನೇಜರ್ ಇವಿಷ್ಟೂ ವೈಫೈ ಇರುವ ಲ್ಯಾಪ್‌ಟಾಪ್‌ನಲ್ಲಿ ಆಟೋಮ್ಯಾಟಿಕ್ ಇರಬೇಕು. ಹಾಗಂತ ಸುಮ್ನೆ ಎಲ್ಲವನ್ನೂ ಆಟೋಮ್ಯಾಟಿಕ್ ಮಾಡಬೇಡಿ, ಎಷ್ಟೋ ಸರ್ವೀಸ್ ಮ್ಯಾನ್ಯುಯಲ್ (ಬೇಕಾದಾಗ ಮಾತ್ರ ಏಳುವಂತೆ) ಆಗಿಯೇ ಬಂದಿರುತ್ತವೆ. ಡಿಎನ್‌ಎಸ್ ಕ್ಲೈಂಟ್‌ನ ಆಯ್ಕೆ ಮಬ್ಬಾಗಿ ಕಂಡರೆ ಗಾಬರಿ ಬೇಡ, ವಿಂಡೋಸ್ 10ರಲ್ಲಿ ಅದು ಇರೋದೇ ಹಾಗೆ.

ಅಂಗಡಿಗೆ ಕೊಡುವ ಮುಂಚೆ ಒಂದು ರೀಸ್ಟೋರ್ ಪಾಯಿಂಟ್ ಮಾಡಿಡಿ, ಅಂದ್ರೆ ಬೇಕಾದಾಗ ವಾಪಸ್ ಹೋಗಲು ಆಗಿನ ಸೆಟ್ಟಿಂಗ್‌ಗಳ ಪ್ರತಿ. ಸರ್ವೀಸ್ ಸೆಟ್ಟಿಂಗ್‌ಗಳು ರಿಜಿಸ್ಟ್ರಿಯಲ್ಲಿ ಇರೋದರಿಂದ ಅವೂ ಅದರ ಜೊತೆ ವಾಪಸ್ ಬರುತ್ತವೆ. ಅದಕ್ಕೆ ಬೇಕಾದ ಸಿಸ್ಟಮ್ ಪ್ರೊಟೆಕ್ಷನ್ ಆನ್ ಇದೆಯಾ ಅಂತ ಮೊದಲು ನೋಡಿಕೊಳ್ಳಿ; ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಅದು ಆಫ್ ಇತ್ತು.