ತೆರೆದ ಹೆಡ್‌ಫೋನೋ, ಮುಚ್ಚಿದ್ದೋ: ಆರು ವಾರ ಎರಡನ್ನೂ ಕೇಳಿದ ಮೇಲೆ

ಎರಡೂ ಒಂದೇ ಕಂಪನಿಯವು. ತಲೆಪಟ್ಟಿ ಒಂದೇ, ಮೆತ್ತೆಯ ಬಟ್ಟೆ ಒಂದೇ, ವಿದ್ಯುತ್ತಿಗೆ ಒಡ್ಡುವ ತಡೆಯೂ ಎರಡರಲ್ಲಿ ಒಂದೇ, 250 ಓಮ್. ಎದ್ದು ಕಾಣುವ ವ್ಯತ್ಯಾಸವೆಲ್ಲ ಕಪ್‌ನ ಬೆನ್ನಲ್ಲಿದೆ. ಒಂದಕ್ಕೆ ಗಟ್ಟಿ ಪ್ಲಾಸ್ಟಿಕ್ ಮುಚ್ಚಳ, ಇನ್ನೊಂದಕ್ಕೆ ಆಚೆಯ ಬೆಳಕು ಕಾಣುವಂಥ ಜಾಲರಿ. ಹೆಸರು ಹೇಳುವುದಿಲ್ಲ, ಹೇಳಿದರೆ ಚರ್ಚೆ ವಿನ್ಯಾಸವನ್ನು ಬಿಟ್ಟು ಬ್ರ್ಯಾಂಡಿನ ಹಿಂದೆ ಓಡುತ್ತದೆ.

ಮೊದಲ ಸಂಜೆಯೇ ಮೋಸಹೋದೆ. ಮುಚ್ಚಿದ್ದು ತುಂಬಿಕೊಂಡು ಕೇಳಿಸಿತು, ತೆರೆದದ್ದು ಸಪ್ಪೆ ಅನ್ನಿಸಿತು. ಮರುದಿನ ದಪ್ಪ ರಟ್ಟಿನಲ್ಲಿ ತೂತು ಕೊರೆದು, ತೂತಿಗೆ ಮೊಬೈಲಿನ ಮೈಕ್ ಹೊಂದಿಸಿ, ರಟ್ಟಿನ ಮೇಲೆ ಕಪ್ ಒತ್ತಿಟ್ಟು ಒಂದೇ ಮಟ್ಟದ ಗೊರಗೊರ ಸದ್ದನ್ನು ಎರಡರಲ್ಲೂ ಹಾಕಿ ಅಳೆದೆ. ವಾಲ್ಯೂಮ್ ಗುಂಡಿ ಒಂದೇ ಜಾಗದಲ್ಲಿದ್ದರೂ ಮುಚ್ಚಿದ್ದು ಎರಡು ಡೆಸಿಬೆಲ್‌ಗೂ ಹೆಚ್ಚು ಜೋರಾಗಿತ್ತು. ಅಷ್ಟು ಸಣ್ಣ ಅಂತರ ಕಿವಿಗೆ ‘ಜೋರು’ ಎಂದು ತಿಳಿಯುವುದಿಲ್ಲ, ‘ಚೆನ್ನಾಗಿದೆ’ ಎಂದು ತಿಳಿಯುತ್ತದೆ. ಮಟ್ಟ ಸರಿದೂಗಿಸದೆ ಮಾಡಿದ ಹೋಲಿಕೆಗಳನ್ನು ಅಂದಿನಿಂದ ನಂಬುವುದನ್ನು ಬಿಟ್ಟಿದ್ದೇನೆ, ನನ್ನವನ್ನೂ ಸೇರಿಸಿ.

ಕಪ್‌ನೊಳಗೆ ಸದ್ದು ಹೊರಡಿಸುವ ಭಾಗಕ್ಕೆ ಡ್ರೈವರ್ ಎನ್ನುತ್ತಾರೆ. ಅದರ ಪೊರೆ ಹಿಂದೆ ಮುಂದೆ ಅಲುಗುವಾಗ ಸದ್ದು ಕಿವಿಯ ಕಡೆಗಷ್ಟೇ ಹೋಗುವುದಿಲ್ಲ, ಬೆನ್ನ ಕಡೆಗೂ ಹೋಗುತ್ತದೆ. ಆ ಬೆನ್ನಿನ ಸದ್ದನ್ನು ಏನು ಮಾಡುವುದು? ಮುಚ್ಚಿದ ವಿನ್ಯಾಸ ಅದನ್ನು ಕೂಡಿಹಾಕಿ, ಹತ್ತಿಯಂಥ ತುಂಬುವಸ್ತುವಿನಿಂದ ಹೀರಲು ನೋಡುತ್ತದೆ. ಹೀರಲಾಗದೆ ಉಳಿದದ್ದು ಗೋಡೆಗೆ ಬಡಿದು, ತೆಳುವಾದ ಪೊರೆಯನ್ನೇ ದಾಟಿ, ಕೊಂಚ ತಡವಾಗಿ ಕಿವಿಗೆ ಬರುತ್ತದೆ. ತೆರೆದದ್ದು ಅದನ್ನು ಹೊರಗೆ ಬಿಟ್ಟುಬಿಡುತ್ತದೆ. 1968ರಲ್ಲಿ ಸೆನ್‌ಹೈಸರ್ ಕಂಪನಿ ಸ್ಪಂಜಿನ ಮೆತ್ತೆಯ ಎಚ್‌ಡಿ 414 ಹೆಡ್‌ಫೋನ್ ತಂದಾಗ ಈ ಎರಡನೆಯ ದಾರಿ ಜನಪ್ರಿಯವಾಯಿತು.

ಬಂದಿಯಾದ ಸದ್ದು ಕೇಳಿಸುತ್ತದೆಯೇ? ಕೇಳಿಸುತ್ತದೆ. ತಂಬೂರಿಯೊಂದಿಗೆ ಒಬ್ಬರೇ ಹಾಡಿದ ಧ್ವನಿಮುದ್ರಣ ಹಾಕಿ, ಅರ್ಧ ನಿಮಿಷಕ್ಕೊಮ್ಮೆ ಹೆಡ್‌ಫೋನ್ ಬದಲಿಸಿದೆ. ತೆರೆದದ್ದರಲ್ಲಿ ತಂಬೂರಿಯ ನಾದ ಸುತ್ತ ಹರಡಿ, ದನಿ ಅದರಿಂದ ಬಿಡಿಸಿಕೊಂಡು ನಿಂತಿತ್ತು. ಮುಚ್ಚಿದ್ದಕ್ಕೆ ಬಂದ ಕ್ಷಣ, ಹಾಡುವವರು ಬಾಯಿಯ ಮುಂದೆ ಅಂಗೈಯನ್ನು ಬಟ್ಟಲು ಮಾಡಿ ಹಿಡಿದಂತಾಯಿತು. ಆದರೆ ಇಪ್ಪತ್ತು ನಿಮಿಷ ಬಿಚ್ಚದೆ ಕೇಳುತ್ತಾ ಕುಳಿತರೆ ಆ ಬಟ್ಟಲು ಮಾಯವಾಗುತ್ತದೆ. ಕಿವಿ ಒಗ್ಗಿಕೊಳ್ಳುತ್ತದೆ. ಅದಲುಬದಲು ಮಾಡಿದಾಗ ಮಾತ್ರ ತೋರುವ ದೋಷವನ್ನು ಎಷ್ಟು ದೊಡ್ಡದು ಮಾಡಬೇಕೋ ನನಗೆ ತಿಳಿಯದು.

ತೆರೆದ ಹೆಡ್‌ಫೋನ್ ಸಂಗೀತದ ವೇದಿಕೆಯನ್ನೇ ಕಣ್ಣ ಮುಂದೆ ತಂದು ನಿಲ್ಲಿಸುತ್ತದೆ ಎಂಬ ಹೊಗಳಿಕೆಯನ್ನು ನಾನು ಒಪ್ಪುವುದಿಲ್ಲ. ಸ್ಪೀಕರ್ ಇಟ್ಟು ಕೇಳುವಾಗ ಬಲಗಡೆಯ ಸದ್ದು ಎಡಗಿವಿಗೂ ತುಸು ತಲುಪುತ್ತದೆ. ಹೆಡ್‌ಫೋನಿನಲ್ಲಿ, ಬೆನ್ನು ತೆರೆದಿರಲಿ ಮುಚ್ಚಿರಲಿ, ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಗಾಯಕರು ಎರಡರಲ್ಲೂ ನನ್ನ ತಲೆಯೊಳಗೇ ಇದ್ದರು. ತೆರೆದದ್ದರಲ್ಲಿ ‘ವಿಶಾಲ’ ಅನ್ನಿಸಿದ ಎಷ್ಟೋ ಸಂಗತಿ ನನ್ನದೇ ಕೋಣೆಯದು ಎಂದು ತಿಳಿದದ್ದು ನಾಲ್ಕನೆಯ ದಿನ. ಫ್ಯಾನಿನ ಸದ್ದು, ಕುರ್ಚಿಯ ಕಿರಗುಟ್ಟುವಿಕೆ, ನನ್ನ ಉಸಿರು, ಎಲ್ಲವೂ ಹಾಡಿನ ಜೊತೆಗೇ ಒಳಗೆ ಬರುತ್ತವೆ. ಕಿವಿ ಮುಚ್ಚಿದೆ ಎಂಬ ಅರಿವೇ ಆಗುವುದಿಲ್ಲ. ಜೊತೆಗೆ ಗುನುಗುವವರಿಗೆ ಇದು ದೊಡ್ಡ ಸುಖ. ಮುಚ್ಚಿದ್ದನ್ನು ಹಾಕಿಕೊಂಡು ಗುನುಗಿದರೆ ನಮ್ಮ ದನಿ ತಲೆಬುರುಡೆಯೊಳಗೆ ಗುಂಯ್‌ಗುಟ್ಟಿ ಶ್ರುತಿ ಹಿಡಿಯುವುದೇ ಕಷ್ಟವಾಗುತ್ತದೆ.

ಇನ್ನು ಬೇಸ್, ಅಂದರೆ ತೀರಾ ತಗ್ಗಿನ ಸ್ವರಗಳು. ಚರ್ಚುಗಳಲ್ಲಿ ನುಡಿಸುವ ಪೈಪ್ ಆರ್ಗನ್ನಿನ 16 ಅಡಿ ಉದ್ದದ ಕೊಳವೆಯ ಸ್ವರ ಸುಮಾರು 33 ಹರ್ಟ್ಸ್, ಅಂದರೆ ಸೆಕೆಂಡಿಗೆ 33 ಕಂಪನ. ತೆರೆದದ್ದರಲ್ಲಿ ಆ ಸ್ವರ ಇದೆ ಎಂದು ಗೊತ್ತಾಗುತ್ತಿತ್ತು, ಮೈಗೆ ತಟ್ಟುತ್ತಿರಲಿಲ್ಲ. ಮುಚ್ಚಿದ್ದರಲ್ಲಿ ಕೆನ್ನೆಯ ಮೇಲೆ ಯಾರೋ ಮೆಲ್ಲನೆ ಅಂಗೈ ಇಟ್ಟಂತೆ ಒತ್ತಡ ಬಂತು. ತಬಲಾ ಜೋಡಿಯ ತಗ್ಗು ನಾದದ ಬಾಯಾಂ ಮೇಲೆ ಅಂಗೈ ಜಾರುವಾಗಿನ ಗಮಕವೂ ಇದರಲ್ಲೇ ಚೆಂದ.

ಎರಡನೆಯ ವಾರದ ಹೊತ್ತಿಗೆ ಆ ಒತ್ತಡ ಎಲ್ಲೋ ಹೋಯಿತು. ಅದೇ ಹಾಡು, ಅದೇ ಮಟ್ಟ, ಬೇಸ್ ಮಾತ್ರ ಇಲ್ಲ. ಕೇಬಲ್ ಅಲುಗಾಡಿಸಿದೆ, ಆಂಪ್ಲಿಫೈಯರ್ ಬದಲಿಸಿದೆ, ಹೆಡ್‌ಫೋನ್ ಕೆಟ್ಟಿತೆಂದು ಬೈದುಕೊಂಡೆ. ಒಂದು ರಾತ್ರಿ ಕಣ್ಣುಜ್ಜಿಕೊಳ್ಳಲು ಕನ್ನಡಕ ತೆಗೆದೆ, ಹೋಗಿದ್ದ ಬೇಸ್ ತಟ್ಟನೆ ಮರಳಿತು! ಆ ವಾರವಷ್ಟೇ ದಪ್ಪ ಕಡ್ಡಿಯ ಹೊಸ ಕನ್ನಡಕ ಬಂದಿತ್ತು. 40 ಹರ್ಟ್ಸ್‌ನ ಸ್ವರ ಹಾಕಿ ಕನ್ನಡಕವನ್ನು ಮತ್ತೆ ಧರಿಸಿದೆ. ಸ್ವರ ಸೊರಗಿತು. ಕಡ್ಡಿ ಮೆತ್ತೆಯಡಿಯಲ್ಲಿ ಹಾಯುವ ಕಡೆ ಸಣ್ಣ ಸಂದು ಬೆರಳಿಗೆ ಸಿಕ್ಕಿತು. ಅಲ್ಲಿ ಮೆತ್ತೆಯನ್ನು ಒತ್ತಿದರೆ ಸ್ವರ ಉಬ್ಬುತ್ತದೆ, ಬಿಟ್ಟರೆ ಇಳಿಯುತ್ತದೆ. ಮುಚ್ಚಿದ ಹೆಡ್‌ಫೋನಿನ ಆಳವಾದ ಬೇಸ್ ಕಿವಿಯ ಸುತ್ತ ಗಾಳಿ ಸೋರದಿರುವುದನ್ನೇ ನೆಚ್ಚಿಕೊಂಡಿದೆ. ಅದೇ ಕನ್ನಡಕದಲ್ಲಿ ನನ್ನ ತೆರೆದ ಜೋಡಿ ಬದಲಾದದ್ದು ಬಹಳ ಕಡಿಮೆ. ಆದ್ದರಿಂದ ‘ಮುಚ್ಚಿದ್ದರಲ್ಲಿ ಬೇಸ್ ಹೆಚ್ಚು’ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಅವರ ಮುಖ ನೋಡುತ್ತೇನೆ: ಕನ್ನಡಕ ಇದೆಯೇ, ಕಿವಿಯ ಪಕ್ಕ ಕೂದಲು ದಟ್ಟವಾಗಿದೆಯೇ?

ಹೊರಗಿನ ಸದ್ದನ್ನು ತೆರೆದದ್ದು ತಡೆಯುವುದೇ ಇಲ್ಲ. ಮುಚ್ಚಿದ್ದು ಕೀಬೋರ್ಡಿನ ಟಕಟಕ, ಪಕ್ಕದವರ ಮಾತಿನ ಚೂಪು ಅಕ್ಷರಗಳನ್ನು ಚೆನ್ನಾಗಿ ತಡೆಯುತ್ತದೆ. ಬಸ್ಸಿನ ಎಂಜಿನ್ನಿನ ಗುಡುಗುಡು ಮಾತ್ರ ಅದರ ಮೂಲಕವೂ ನುಗ್ಗುತ್ತದೆ. ಅದಕ್ಕೆ ವಿದ್ಯುತ್ತಿನಿಂದ ಸದ್ದು ಕಳೆಯುವ ಬೇರೆ ಜಾತಿಯ ಹೆಡ್‌ಫೋನೇ ಬೇಕು. ಒಳಗಿನ ಸದ್ದು ಹೊರಗೆ ಹೋಗುವ ವಿಷಯದಲ್ಲಿ ತೆರೆದದ್ದಕ್ಕೆ ಕ್ಷಮೆಯೇ ಇಲ್ಲ. ಪಕ್ಕದಲ್ಲಿ ಓದುತ್ತಿದ್ದ ಹೆಂಡತಿ, “ರೀ, ನನಗೆ ಬರೀ ಚಿಕ್ ಚಿಕ್ ತಾಳ ಕೇಳಿಸುತ್ತಿದೆ. ಕೇಳಿಸುವುದಾದರೆ ಹಾಡನ್ನು ಪೂರ್ತಿ ಕೇಳಿಸಿ, ಇಲ್ಲವಾದರೆ ನಿಲ್ಲಿಸಿ” ಎಂದಳು. ಧ್ವನಿಮುದ್ರಣ ಕೋಣೆಯಲ್ಲಿ ಹಾಡುವವರಿಗೆ ಮುಚ್ಚಿದ್ದನ್ನೇ ಕೊಡುವುದೂ ಇದಕ್ಕೇ, ಸೋರಿದ ಸದ್ದು ಮೈಕ್‌ಗೆ ಸೇರುತ್ತದೆ.

ಸೋರಿಕೆಗಿಂತ ನನ್ನನ್ನು ಹೆದರಿಸಿದ್ದು ವಾಲ್ಯೂಮ್ ಗುಂಡಿ. ಗಲಾಟೆಯ ಕಡೆ ತೆರೆದದ್ದನ್ನು ಹಾಕಿಕೊಂಡಾಗ ಗುಂಡಿ ನನಗೆ ಗೊತ್ತಿಲ್ಲದೆಯೇ ಮೇಲೇರಿತ್ತು. ಮನೆಗೆ ಬಂದು ರಟ್ಟಿನ ಮೇಲಿಟ್ಟು ಅಳೆದರೆ ರಾತ್ರಿ ಕೇಳುವ ಮಟ್ಟಕ್ಕಿಂತ 9 ಡೆಸಿಬೆಲ್ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮೂರು ಡೆಸಿಬೆಲ್ ಏರಿದರೆ ಕಾಲ ಅರ್ಧಕ್ಕಿಳಿಯುತ್ತದೆ. ಒಂಬತ್ತು ಏರಿದರೆ 40 ಗಂಟೆ ಐದಾಗುತ್ತದೆ. ನಿಶ್ಶಬ್ದವಾದ ಕೋಣೆಯಲ್ಲಾದರೆ ಲೆಕ್ಕ ತಿರುಗಿತು: ತೆರೆದದ್ದನ್ನೇ ನಾನು ಕಡಿಮೆ ಮಟ್ಟದಲ್ಲಿ, ಹೆಚ್ಚು ಹೊತ್ತು ಕೇಳಿದೆ.

ಸೆಕೆಯ ಬಗ್ಗೆ ಒಂದೇ ಮಾತು. ಮುಚ್ಚಿದ್ದರಲ್ಲಿ ಗಂಟೆಯೊಳಗೆ ಕಿವಿ ಬೆವರಿತು, ತೆರೆದದ್ದರಲ್ಲಿ ಇಲ್ಲ. ನಡುವೆ ಅರೆತೆರೆದ ಜಾತಿಯೂ ಇದೆ, ಎಕೆಜಿ ಕಂಪನಿಯ ಕೆ 240 ಅದರಲ್ಲಿ ಹೆಸರಾದದ್ದು. ನನ್ನ ಬಳಿ ಇಲ್ಲ.

ಒಂದನ್ನೇ ಇಟ್ಟುಕೊಳ್ಳಬೇಕಾದರೆ ಮುಚ್ಚಿದ್ದನ್ನೇ ಇಟ್ಟುಕೊಳ್ಳುತ್ತೇನೆ, ಇಷ್ಟವಾದದ್ದು ತೆರೆದದ್ದಾದರೂ. ನನಗೆ ನಿಶ್ಶಬ್ದ ಸಿಗುವುದು ರಾತ್ರಿ ಹನ್ನೊಂದರ ಮೇಲೆ, ಅದೂ ಹೆಂಡತಿ ಬೇರೆ ಕೋಣೆಯಲ್ಲಿದ್ದರೆ. ಹಗಲೆಲ್ಲ ಬಳಕೆಗೆ ಬರುವುದು ಮುಚ್ಚಿದ್ದೇ. ಹಳೆಯ ತೆಳು ತಂತಿಯ ಕನ್ನಡಕವನ್ನು ಹೊರತೆಗೆದು ಹಾಡಿಗೆಂದೇ ಮೇಜಿನ ಮೇಲಿಟ್ಟಿದ್ದೇನೆ. ದಪ್ಪ ಕಡ್ಡಿ ಕೂತಿದ್ದ ಕಡೆ ಎಡ ಮೆತ್ತೆಯಲ್ಲಿ ಆಗಲೇ ಗೆರೆ ಬಿದ್ದಿದೆ. ಒತ್ತಿ ನೋಡಿದರೆ ಪೂರ್ತಿ ಮೇಲೇಳುವುದಿಲ್ಲ. ಹೊಸ ಮೆತ್ತೆ ತರಿಸಲು ಹೇಳಿದ್ದೇನೆ.